ಜೋಳದ ಚೀಲ, ಕಿರಾಣಿ ಚೀಟಿ ಮತ್ತು ಆಯ್ಕೆಯ ಸಿದ್ಧಾಂತ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಖರೀದಿ ಲೆಕ್ಕವನ್ನು ಮುಂದಿಟ್ಟುಕೊಂಡು ಗ್ರಾಹಕರ ಆಯ್ಕೆಯ ಸಿದ್ಧಾಂತವನ್ನು ಪರೀಕ್ಷಿಸುವ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಆಯ್ದು ಉತ್ತರಿಸಿದ್ದೇವೆ. ಉದಾಹರಣೆಯ ದರಗಳೆಲ್ಲ ಲೆಕ್ಕ ತಿಳಿಸಲು ಹಿಡಿದವು, ಪೇಟೆಯ ಇಂದಿನ ಧಾರಣೆಯಲ್ಲ.

ಪ್ರಶ್ನೆ: ಎಂ.ಎ. ಪ್ರಾಜೆಕ್ಟಿಗಾಗಿ ನಮ್ಮ ಓಣಿಯ ಮನೆಗಳಲ್ಲಿ ತಿಂಗಳ ಖರೀದಿ ಬರೆಸುತ್ತಿದ್ದೇನೆ. ಅನುಭೋಗಿ (ಗ್ರಾಹಕ) ತುಷ್ಟಿಗುಣವನ್ನು, ಅಂದರೆ ವಸ್ತುಗಳಿಂದ ಸಿಗುವ ತೃಪ್ತಿಯನ್ನು, ಗರಿಷ್ಠಗೊಳಿಸುತ್ತಾನೆ ಎಂದು ಪಠ್ಯದಲ್ಲಿದೆ. ತುಷ್ಟಿಗುಣ ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಪರೀಕ್ಷಿಸುವುದು ಏನನ್ನು?
— ವಿದ್ಯಾರ್ಥಿನಿ, ವಿಜಯಪುರ

ತುಷ್ಟಿಗುಣ ಕಾಣಬೇಕಾಗಿಲ್ಲ. ದರ ಮತ್ತು ಪ್ರಮಾಣ ಗೊತ್ತಿದ್ದರೆ ಸಾಕು ಎಂದು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್‌ಸನ್ 1938ರಲ್ಲೇ ತೋರಿಸಿದರು. ಅವರ ವಾದ ಸರಳ. ಒಂದು ಮನೆಯವರು ಖರ್ಚು ಮಾಡಿದ ದುಡ್ಡಿನಲ್ಲಿ ‘ಖ’ ಬುಟ್ಟಿಯನ್ನೂ ತರಬಹುದಿತ್ತು, ಆದರೂ ‘ಕ’ ಬುಟ್ಟಿಯನ್ನೇ ತಂದರು. ಅಂದರೆ ಅವರಿಗೆ ‘ಕ’ ಮೇಲು. ಮುಂದಿನ ತಿಂಗಳು ‘ಕ’ ಕೊಂಡು ಇನ್ನೂ ದುಡ್ಡು ಉಳಿಯುವಂತಿದ್ದಾಗಲೂ ‘ಖ’ ತಂದರೆ ಎರಡು ನಡೆಗಳಿಗೂ ತಾಳೆಯಿಲ್ಲ. ಹೌತಾಕರ್ 1950ರಲ್ಲಿ ಇದನ್ನು ಸರಪಳಿಗೆ ಹಿಗ್ಗಿಸಿದರು: ‘ಕ’ಕ್ಕಿಂತ ‘ಖ’, ‘ಖ’ಕ್ಕಿಂತ ‘ಗ’, ಕೊನೆಗೆ ‘ಗ’ಕ್ಕಿಂತ ‘ಕ’ ಎಂದು ಸುತ್ತು ಬರಬಾರದು. ಇಂಥ ಸುತ್ತು ಇಲ್ಲದಿದ್ದರೆ ಆ ಲೆಕ್ಕಕ್ಕೆ ಹೊಂದುವ ಒಂದು ತುಷ್ಟಿಗುಣ ಫಲನ (ಪ್ರತಿ ಬುಟ್ಟಿಗೂ ತೃಪ್ತಿಯ ಅಂಕಿ ಕೊಡುವ ಸೂತ್ರ) ಇದ್ದೇ ಇರುತ್ತದೆ ಎಂದು ಸಿಡ್ನಿ ಆಫ್ರಿಯಟ್ 1967ರಲ್ಲಿ ಸಾಧಿಸಿದರು. ಹ್ಯಾಲ್ ವೇರಿಯನ್ 1982ರಲ್ಲಿ ಅದನ್ನು ಕಂಪ್ಯೂಟರಿನಲ್ಲಿ ನೋಡಬಹುದಾದ ನಿಯಮವಾಗಿ ಬರೆದರು. ಅದನ್ನೇ ಗಾರ್ಪ್ (GARP, ವ್ಯಕ್ತವಾದ ಆದ್ಯತೆಯ ಸಾಮಾನ್ಯ ನಿಯಮ) ಎನ್ನುತ್ತಾರೆ.

ಎರಡು ವಸ್ತು, ಎರಡು ತಿಂಗಳಿನ ಉದಾಹರಣೆ ನೋಡಿ. ಮೊದಲ ತಿಂಗಳು ಜೋಳ ಕಿಲೊಗೆ 40, ಅಕ್ಕಿ 50 ರೂಪಾಯಿ. ಮನೆಯವರು 12 ಕಿಲೊ ಜೋಳ, 18 ಕಿಲೊ ಅಕ್ಕಿ ತಂದರು. ಖರ್ಚು 1,380. ಎರಡನೇ ತಿಂಗಳು ದರ ಅದಲುಬದಲಾಗಿ ಜೋಳ 50, ಅಕ್ಕಿ 40. ತಂದದ್ದು 20 ಕಿಲೊ ಜೋಳ, 9 ಕಿಲೊ ಅಕ್ಕಿ. ಖರ್ಚು 1,360. ಈಗ ಅಡ್ಡಲೆಕ್ಕ ಹಾಕಿ. ಎರಡನೇ ಬುಟ್ಟಿಗೆ ಮೊದಲ ತಿಂಗಳ ದರದಲ್ಲಿ 1,250 ರೂಪಾಯಿ ಸಾಕಿತ್ತು. ಅಂದರೆ ಆಗ ಅದನ್ನು ಕೊಳ್ಳಬಹುದಿತ್ತು, ಬಿಟ್ಟರು. ಮೊದಲ ಬುಟ್ಟಿಗೆ ಎರಡನೇ ತಿಂಗಳ ದರದಲ್ಲಿ 1,320 ಸಾಕಿತ್ತು. ಅದನ್ನೂ ಬಿಟ್ಟರು. ಎರಡೂ ಕಡೆ ‘ಇದು ಮೇಲು’ ಎಂದಂತಾಯಿತು. ಇದೇ ನಿಯಮಭಂಗ.

ಹನ್ನೆರಡು ತಿಂಗಳು, ಹತ್ತಾರು ವಸ್ತುಗಳಾದರೆ ಹೀಗೆ ಮಾಡಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ಹಾಳೆ ದರಕ್ಕೆ, ಒಂದು ಪ್ರಮಾಣಕ್ಕೆ. ಎರಡರಲ್ಲೂ ಸಾಲು ತಿಂಗಳಿನದು, ಕಂಬ ವಸ್ತುವಿನದು, ವಸ್ತುಗಳ ಕ್ರಮ ಒಂದೇ. ಪ್ರಮಾಣದ ಹಾಳೆಯನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ, ದರದ ಹಾಳೆಯೊಂದಿಗೆ ಎಂ-ಮಲ್ಟ್ (MMULT) ಸೂತ್ರದಿಂದ ಗುಣಿಸಿ. 144 ಖಾನೆಗಳ ಚೌಕ ಬರುತ್ತದೆ. 3ನೇ ಸಾಲು, 7ನೇ ಕಂಬದ ಅಂಕಿ ಎಂದರೆ ಏಳನೇ ತಿಂಗಳ ಬುಟ್ಟಿಗೆ ಮೂರನೇ ತಿಂಗಳ ದರದಲ್ಲಿ ಬೀಳುವ ಬೆಲೆ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣದಲ್ಲಿ ಆಯಾ ತಿಂಗಳ ನಿಜವಾದ ಖರ್ಚು ಇರುತ್ತದೆ.

ಪ್ರತಿ ಸಾಲಿನಲ್ಲೂ ಕರ್ಣದ ಅಂಕಿಗಿಂತ ಹೆಚ್ಚಿಲ್ಲದ ಖಾನೆಗಳಲ್ಲಿ 1, ಉಳಿದವುಗಳಲ್ಲಿ 0 ಹಾಕಿ ಇನ್ನೊಂದು ಚೌಕ ಮಾಡಿಕೊಳ್ಳಿ. ನಂತರ ಸರಪಳಿ ತುಂಬಿ: 3ರಿಂದ 5ಕ್ಕೆ 1, 5ರಿಂದ 7ಕ್ಕೆ 1 ಇದ್ದರೆ 3ರಿಂದ 7ಕ್ಕೂ 1. ಪ್ರತಿ ತಿಂಗಳನ್ನೂ ಒಂದು ಸಲ ನಡುವಿನ ಕೊಂಡಿಯಾಗಿ ಇಟ್ಟು ಇಡೀ ಚೌಕವನ್ನು ಸುತ್ತಬೇಕು. ಕೊನೆಯ ತಪಾಸಣೆ ಇದು: 3ರಿಂದ 7ಕ್ಕೆ 1 ಇದ್ದು, ಏಳನೇ ತಿಂಗಳ ಖರ್ಚು ಆ ತಿಂಗಳ ದರದಲ್ಲಿ ಮೂರನೇ ಬುಟ್ಟಿಗೆ ಬೀಳುವ ಬೆಲೆಗಿಂತ ಹೆಚ್ಚಿದ್ದರೆ ಭಂಗ. ಪೈಸೆಯ ಸುತ್ತುಲೆಕ್ಕದಿಂದ ಸುಳ್ಳು ಭಂಗ ಹುಟ್ಟುವುದುಂಟು. ಐವತ್ತು ಪೈಸೆಯೊಳಗಿನ ವ್ಯತ್ಯಾಸವನ್ನು ಸಮ ಎಂದೇ ಹಿಡಿಯಿರಿ. ವಸ್ತು ಎರಡೇ ಆದರೆ ಸರಪಳಿ ಬೇಡ, ಜೋಡಿ ಜೋಡಿಯಾಗಿ ನೋಡಿದರೆ ಸಾಕು.

ಪ್ರಶ್ನೆ: ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ನಪಾಸಾಗಿವೆ. ಜನ ವಿವೇಚನೆಯಿಲ್ಲದೆ ಕೊಳ್ಳುತ್ತಾರೆ ಎಂದು ಬರೆಯಬಹುದೇ?
— ಉಪನ್ಯಾಸಕರು, ಗೋಕಾಕ

ದಯವಿಟ್ಟು ಅಷ್ಟು ಬೇಗ ಬರೆಯಬೇಡಿ. ‘ಭಂಗವಾಯಿತು’ ಎಂಬುದು ಹೌದು–ಅಲ್ಲ ಎಂಬ ಉತ್ತರ. ಎಷ್ಟರ ಮಟ್ಟಿಗೆ ಎಂಬುದನ್ನು ಬೇರೆಯಾಗಿ ಅಳೆಯಬೇಕು.

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ಎರಡನೇ ತಿಂಗಳು 1,320ಕ್ಕೆ ಸಿಗುತ್ತಿದ್ದ ಬುಟ್ಟಿಯನ್ನು ಬಿಟ್ಟು 1,360 ಕೊಟ್ಟರು. ಅನುಪಾತ 0.97. ಮೊದಲ ತಿಂಗಳ ಅನುಪಾತ 1,250ಕ್ಕೆ 1,380, ಅಂದರೆ 0.91. ಸುತ್ತು ಬಿಡಿಸಲು ಒಂದು ಕೊಂಡಿ ಕಳಚಿದರೆ ಸಾಕು, ಆದ್ದರಿಂದ ಸುಲಭವಾಗಿ ಕಳಚುವ ಕೊಂಡಿಯನ್ನೇ ಹಿಡಿಯುತ್ತಾರೆ. ಈ ಮನೆಯ ಆಫ್ರಿಯಟ್ ದಕ್ಷತಾ ಸೂಚ್ಯಂಕ 0.97. ನೂರರಲ್ಲಿ ಮೂರು ರೂಪಾಯಿಯ ಸಡಿಲು ಕೊಟ್ಟರೆ ಮನೆಯ ನಡೆ ಸಿದ್ಧಾಂತಕ್ಕೆ ಹೊಂದುತ್ತದೆ. 0.95ರ ಗೆರೆಯನ್ನು ವೇರಿಯನ್ ಸೂಚಿಸಿದ್ದರು. ಅದು ರೂಢಿಯ ಗೆರೆ, ಗಣಿತ ಕೊಟ್ಟ ಗೆರೆಯಲ್ಲ.

ಇನ್ನೊಂದು ಅಳತೆಯಲ್ಲಿ ಎರಡೂ ತಿಂಗಳ ನಷ್ಟವನ್ನು ಕೂಡಿಸುತ್ತಾರೆ: 130 ಮತ್ತು 40, ಒಟ್ಟು 170. ಎರಡು ತಿಂಗಳ ಖರ್ಚು 2,740. ನಷ್ಟ ಶೇ 6.2. ಎಚೆನಿಕ್, ಲೀ ಮತ್ತು ಶುಮ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಳತೆಯನ್ನೇ ಬಳಸಿದರು. ಅಮೆರಿಕದ ಸೂಪರ್‌ಮಾರ್ಕೆಟ್ ಬಿಲ್ಲುಗಳಿಂದ ಸುಮಾರು ಐದು ನೂರು ಕುಟುಂಬಗಳನ್ನು ನೋಡಿದಾಗ ಬಹುಪಾಲು ಕುಟುಂಬಗಳಲ್ಲಿ ಭಂಗ ಕಂಡಿತು, ಆದರೆ ನಷ್ಟದ ಗಾತ್ರ ಸಣ್ಣದೇ ಇತ್ತು. ನಿಮ್ಮ ಫಲಿತಾಂಶವೂ ಹಾಗೆ ಇರಬಹುದು. ಎಣಿಕೆಯೊಂದನ್ನೇ ಬರೆದರೆ ಓದಿದವರಿಗೆ ತಪ್ಪು ಚಿತ್ರ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ತೂಕದ ತಪ್ಪು. ಅದೇ ಮನೆಯಲ್ಲಿ ಎರಡನೇ ತಿಂಗಳ ಜೋಳ 20 ಅಲ್ಲ, 19 ಕಿಲೊ ಎಂದುಕೊಳ್ಳಿ. ಖರ್ಚು 1,310ಕ್ಕೆ ಇಳಿಯುತ್ತದೆ, 1,320ರ ಬುಟ್ಟಿ ಕೈಗೆಟುಕುವುದಿಲ್ಲ, ಭಂಗವೇ ಇಲ್ಲ. ಒಂದು ಕಿಲೊ! ‘ಇಪ್ಪತ್ತು ಕಿಲೊ ಇರಬೇಕ್ರಿ’ ಎಂದು ಅಂದಾಜಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಅದರ ಮೇಲೆ ಆ ಮನೆಯವರ ವಿವೇಚನೆಗೆ ತೀರ್ಪು ಕೊಡುವುದು ಅನ್ಯಾಯ. ಆದ್ದರಿಂದ ಪ್ರತಿ ಪ್ರಮಾಣವನ್ನೂ ಶೇ 5ರ ಒಳಗೆ ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಅಷ್ಟರಲ್ಲೇ ಎಷ್ಟು ಮನೆಗಳ ಭಂಗ ಅಳಿಯುತ್ತದೆ ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಕೊಡಿ.

ಪ್ರಶ್ನೆ: ನಮ್ಮಲ್ಲಿ ಉಲ್ಟಾ ಆಗಿದೆ. ಎರಡು ತಿಂಗಳ ಲೆಕ್ಕದಲ್ಲಿ ಎಲ್ಲ ಮನೆಗಳೂ ಪಾಸು. ಸಿದ್ಧಾಂತ ಸಾಬೀತಾಯಿತಲ್ಲವೇ?
— ಸಂಶೋಧನಾ ವಿದ್ಯಾರ್ಥಿ, ಬೆಳಗಾವಿ

ಪರೀಕ್ಷೆ ಎಷ್ಟು ಕಠಿಣವಾಗಿತ್ತು ಎಂದು ಮೊದಲು ನೋಡಬೇಕು. ಬ್ರೊನಾರ್ಸ್ 1987ರಲ್ಲಿ ಸೂಚಿಸಿದ ಉಪಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಚೀಟಿ ಎತ್ತಿದಂತೆ ಮನಸ್ಸಿಗೆ ಬಂದಷ್ಟು ಕೊಳ್ಳುವ ಒಬ್ಬ ಕಾಲ್ಪನಿಕ ಗಿರಾಕಿಯನ್ನು ಅದೇ ದರ, ಅದೇ ದುಡ್ಡಿನೊಂದಿಗೆ ಪೇಟೆಗೆ ಕಳಿಸಿ. ಅವನು ಎಷ್ಟು ಸಲ ನಪಾಸಾಗುತ್ತಾನೆ? ಅದೇ ಪರೀಕ್ಷೆಯ ಬಲ.

ನಮ್ಮ ಉದಾಹರಣೆಯ ದರಗಳಲ್ಲಿ ಎರಡು ಬಜೆಟ್ ರೇಖೆಗಳು (ಆಯಾ ತಿಂಗಳ ದುಡ್ಡು ಪೂರ್ತಿ ಹಾಕಿ ಕೊಳ್ಳಬಹುದಾದ ಬುಟ್ಟಿಗಳ ಗೆರೆಗಳು) 14.2 ಕಿಲೊ ಜೋಳದ ಹತ್ತಿರ ಒಂದನ್ನೊಂದು ಕತ್ತರಿಸುತ್ತವೆ. ಮೊದಲ ತಿಂಗಳ ರೇಖೆ 0ಯಿಂದ 34.5 ಕಿಲೊವರೆಗೆ ಇದೆ. ಅದರಲ್ಲಿ 14.2ಕ್ಕಿಂತ ಕಡಿಮೆಯ ಭಾಗ ಶೇ 41. ಎರಡನೇ ರೇಖೆ 27.2 ಕಿಲೊವರೆಗೆ, ಅದರಲ್ಲಿ 14.2ಕ್ಕಿಂತ ಹೆಚ್ಚಿನ ಭಾಗ ಶೇ 48. ಎರಡೂ ಒಟ್ಟಿಗೆ ಸಂಭವಿಸಿದರೆ ಮಾತ್ರ ಭಂಗ. ಗುಣಿಸಿದರೆ ಶೇ 20. ಅಂದರೆ ಚೀಟಿ ಎತ್ತಿ ಕೊಳ್ಳುವವನೂ ಐದರಲ್ಲಿ ನಾಲ್ಕು ಸಲ ಪಾಸು!

ಎರಡನೇ ತಿಂಗಳು ಖರ್ಚು 1,360ರ ಬದಲು 1,800 ಆಗಿದ್ದರೆ ಇನ್ನೂ ಕಷ್ಟ. ಆಗ ಒಂದು ರೇಖೆ ಪೂರ್ತಿಯಾಗಿ ಇನ್ನೊಂದರ ಹೊರಗೆ ಹೋಗುತ್ತದೆ. ಯಾರು ಏನೇ ಕೊಂಡರೂ ಭಂಗ ಆಗುವಂತೆಯೇ ಇಲ್ಲ. ಪರೀಕ್ಷೆಯ ಬಲ ಸೊನ್ನೆ. ವರ್ಷದಿಂದ ವರ್ಷಕ್ಕೆ ಆದಾಯ ಏರುತ್ತ ದರಗಳು ಒಟ್ಟೊಟ್ಟಿಗೆ ಏರುವ ಲೆಕ್ಕದಲ್ಲಿ ಹೀಗೇ ಆಗುತ್ತದೆ. ಬೇಕಾದದ್ದು ದರಗಳ ನಡುವಿನ ಅನುಪಾತ ಏರಿಳಿಯುವ, ಖರ್ಚು ಹೆಚ್ಚುಕಡಿಮೆ ಸಮ ಇರುವ ತಿಂಗಳುಗಳು. ಉಳ್ಳಾಗಡ್ಡಿ, ಟೊಮೆಟೊ, ತೊಗರಿಬೇಳೆ, ಒಳ್ಳೆಣ್ಣೆಗಳ ದರ ಒಂದೊಂದು ದಿಕ್ಕಿಗೆ ಓಡುವ ಕಾಲ ನಿಮ್ಮ ಪರೀಕ್ಷೆಗೆ ಒಳ್ಳೆಯದು. ಜೋಳವೂ ಅಕ್ಕಿಯೂ ಒಟ್ಟಿಗೆ ಏರಿದ ವರ್ಷದಿಂದ ಹೆಚ್ಚೇನೂ ಹೊರಡದು.

ಪ್ರತಿ ಮನೆಗೂ ಸಾವಿರ ಕಾಲ್ಪನಿಕ ಗಿರಾಕಿಗಳನ್ನು ಓಡಿಸಿ. ಪಾಸಾದ ಮನೆಗಳ ಪ್ರಮಾಣದಿಂದ ಪಾಸಾದ ಕಾಲ್ಪನಿಕ ಗಿರಾಕಿಗಳ ಪ್ರಮಾಣವನ್ನು ಕಳೆಯಿರಿ. ಮನೆಗಳಲ್ಲಿ ಶೇ 85, ಗಿರಾಕಿಗಳಲ್ಲಿ ಶೇ 80 ಎಂದಾದರೆ ಸಿದ್ಧಾಂತದ ನಿಜವಾದ ಗಳಿಕೆ 0.05 ಮಾತ್ರ. ಬೀಟಿ ಮತ್ತು ಕ್ರಾಫರ್ಡ್ 2011ರಲ್ಲಿ ಈ ಕಳೆಯುವ ಲೆಕ್ಕವನ್ನೇ ಮುಂದಿಟ್ಟರು.

ಪ್ರಶ್ನೆ: ನಮ್ಮ ಕಡೆ ಸುಗ್ಗಿಯಾದ ಮೇಲೆ ವರ್ಷದ ಜೋಳವನ್ನು ಒಮ್ಮೆಗೇ ಹಾಕಿಕೊಳ್ಳುತ್ತೇವೆ. ಹೊಲ ಇದ್ದವರು ಕೊಳ್ಳುವುದೇ ಇಲ್ಲ. ಇಂಥ ಮನೆಗಳ ತಿಂಗಳ ಲೆಕ್ಕ ಬರೆಯುವುದು ಹೇಗೆ? ಹಬ್ಬದ ತಿಂಗಳನ್ನು ಏನು ಮಾಡಬೇಕು?
— ಓದುಗರು, ಜಮಖಂಡಿ

ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು. ಪಠ್ಯಗಳಲ್ಲಿ ಕೊಂಡದ್ದೂ ಬಳಸಿದ್ದೂ ಒಂದೇ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಅದು ನಡೆಯುವುದಿಲ್ಲ.

ಮಾರ್ಚಿನಲ್ಲಿ ನಾಲ್ಕು ಕ್ವಿಂಟಲ್ ಜೋಳವನ್ನು ಕಿಲೊಗೆ 38ರಂತೆ ಹಾಕಿಕೊಂಡ ಮನೆಯ ಖರೀದಿ ಪಟ್ಟಿ ನೋಡಿ. ಆ ತಿಂಗಳು ಜೋಳಕ್ಕೇ 15,200 ರೂಪಾಯಿ. ಉಳಿದ ಹನ್ನೊಂದು ತಿಂಗಳು ಜೋಳ ಸೊನ್ನೆ. ಮಾರ್ಚಿನ ಬುಟ್ಟಿ ಬೇರೆ ಯಾವ ತಿಂಗಳ ದುಡ್ಡಿಗೂ ಎಟುಕದು, ಆದ್ದರಿಂದ ಅದು ಯಾವ ಸುತ್ತಿನಲ್ಲೂ ಸಿಗದು. ಇಡೀ ಊರಿನ ಮುಖ್ಯ ಆಹಾರವೇ ಪರೀಕ್ಷೆಯಿಂದ ತಪ್ಪಿಸಿಕೊಂಡಂತಾಯಿತು. ಮೇಲುನೋಟಕ್ಕೆ ಮನೆ ಪಾಸು!

ಸಣ್ಣ ದಾಸ್ತಾನು ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡಿಸುತ್ತದೆ. ಮೊದಲ ಉತ್ತರದ ಮನೆಯಲ್ಲಿ ಎರಡನೇ ತಿಂಗಳ ಕೊನೆಗೆ ಡಬ್ಬಿಯಲ್ಲಿ 3 ಕಿಲೊ ಜೋಳ ಉಳಿದಿತ್ತು ಎನ್ನಿ. ತಿಂದದ್ದು 17. ಅದರ ಬೆಲೆ ಅಕ್ಕಿ ಸೇರಿ 1,210. ಭಂಗ ಮಾಯ. ತಪ್ಪು ಮನೆಯವರದಲ್ಲ, ಬರೆದುಕೊಂಡವರದು. 15 ಕಿಲೊ ಎಣ್ಣೆ ಡಬ್ಬಿ, ವರ್ಷದ ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲದ ಪೆಂಟಿ ಎಲ್ಲಕ್ಕೂ ಇದೇ ಮಾತು.

ಹಾಗಾಗಿ ಖರೀದಿ ಬರೆದರೆ ಸಾಲದು, ಬಳಕೆಯನ್ನು ಬರೆಯಿರಿ. ತಿಂಗಳ ಮೊದಲ ದಿನದ ದಾಸ್ತಾನಿಗೆ ಕೊಂಡದ್ದು, ಹೊಲದಿಂದ ಬಂದದ್ದು ಕೂಡಿಸಿ. ಮಾರಿದ್ದು, ಬಿತ್ತಲಿಕ್ಕೆ ತೆಗೆದದ್ದು, ಆಳಿಗೆ–ಆಯಗಾರರಿಗೆ ಅಳೆದು ಕೊಟ್ಟದ್ದು, ದನಕ್ಕೆ ಹಾಕಿದ್ದು, ಹುಳ ಹಿಡಿದು ಚೆಲ್ಲಿದ್ದು, ಕೊನೆಯ ದಿನದ ದಾಸ್ತಾನು ಇವನ್ನು ಕಳೆಯಿರಿ. ಉಳಿದದ್ದು ಬಳಕೆ. ಚೀಲದಲ್ಲಿ ಉಳಿದ ಜೋಳವನ್ನು ಕಣ್ಣಳತೆಯಲ್ಲಿ ಬರೆದರೆ ಹತ್ತು ಕಿಲೊ ಆಚೆ ಈಚೆ ಆಗುವುದು ಮಾಮೂಲು. ಕೈತಕ್ಕಡಿಗೆ ತೂಗುಹಾಕಿ ತೂಗಿ.

ಜೋಳಕ್ಕೆ ಮಾತ್ರ ಇನ್ನೂ ಒಳ್ಳೆಯ ದಾರಿಯಿದೆ: ಗಿರಣಿ. ಜೋಳದ ಹಿಟ್ಟು ಹಳತಾದರೆ ಜಿಗುಟು ಹೋಗಿ ರೊಟ್ಟಿ ಬಡಿಯುವಾಗ ಬಿರಿಯುತ್ತದೆ, ಆದ್ದರಿಂದ ಮನೆಗಳವರು ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಗಿರಣಿಯಲ್ಲಿ ತೂಗಿಯೇ ಬೀಸುತ್ತಾರೆ. ಬೀಸಿಸಿದ ದಿನ, ಕಿಲೊ ಎರಡನ್ನೂ ಬರೆದರೆ ವಾರದ ಬಳಕೆ ತಾನಾಗಿ ಸಿಗುತ್ತದೆ. ಗೋಧಿ ಬೆರೆಸಿದ್ದರೆ ಬೇರೆ ಬರೆಯಬೇಕು. ನುಚ್ಚು, ಬಾನಕ್ಕೆ ಒಡೆಸಿದ್ದನ್ನು ಮರೆಯಬೇಡಿ. ಬೀಸಾಣಿಕೆಯ ಕೂಲಿಯನ್ನು ಜೋಳದ ದರಕ್ಕೆ ಸೇರಿಸಿ, ಏಕೆಂದರೆ ಊಟದ ತಟ್ಟೆಗೆ ಬರುವ ಹೊತ್ತಿಗೆ ಆ ಖರ್ಚೂ ಆಗಿರುತ್ತದೆ.

ಇನ್ನು ದರ. ಆಗಸ್ಟಿನಲ್ಲಿ ತಿಂದ ಜೋಳಕ್ಕೆ ಮಾರ್ಚಿನ 38 ಹಾಕಬೇಡಿ. ಆಗಸ್ಟಿನಲ್ಲಿ ಅದನ್ನು ಬಿಟ್ಟುಕೊಟ್ಟಿದ್ದರೆ ಎಷ್ಟು ಸಿಗುತ್ತಿತ್ತೋ, ಇಲ್ಲವೇ ಇರದಿದ್ದರೆ ಎಷ್ಟಕ್ಕೆ ತರಬೇಕಿತ್ತೋ ಅದೇ ಆಯ್ಕೆಯ ದರ. ಈ ಎರಡರ ನಡುವೆ ಅಂತರ ಇದ್ದೇ ಇದೆ: ಎಪಿಎಂಸಿಯಲ್ಲಿ ಮಾರುವ ದರ ಒಂದು, ಅಂಗಡಿಯಲ್ಲಿ ಕೊಳ್ಳುವ ದರ ಇನ್ನೊಂದು. ಪರೀಕ್ಷೆಯನ್ನು ಎರಡು ದರದಲ್ಲೂ ಮಾಡಿ. ಎರಡರಲ್ಲೂ ಉಳಿಯುವ ಭಂಗವನ್ನಷ್ಟೇ ನಂಬಿ. ‘ಖರ್ಚು’ ಎಂಬ ಕಂಬದಲ್ಲಿ ಬರುವುದು ಬಳಕೆಯನ್ನು ಈ ದರದಿಂದ ಗುಣಿಸಿದ ಮೊತ್ತ, ಆ ತಿಂಗಳು ಕೈಯಿಂದ ಹೋದ ನಗದಲ್ಲ. ಉದ್ರಿ ತಂದದ್ದಕ್ಕೂ ಇದೇ ನಿಯಮ: ಸಾಮಾನು ತಂದ ದಿನಕ್ಕೆ ಬರೆಯಿರಿ, ದುಡ್ಡು ಮುಟ್ಟಿಸಿದ ದಿನಕ್ಕಲ್ಲ. ಉದ್ರಿ ದರ ನಗದು ದರಕ್ಕಿಂತ ಹೆಚ್ಚಿದ್ದರೆ ಉದ್ರಿ ದರವನ್ನೇ ಹಾಕಿ.

ಹಬ್ಬದ ವಿಷಯ ಬೇರೆ ಬಗೆಯದು. ಮನೆಯವರ ರುಚಿ ವರ್ಷವಿಡೀ ಒಂದೇ ಎಂದು ಈ ಪರೀಕ್ಷೆ ಹೇಳದೆಯೇ ಹಿಡಿದುಕೊಂಡಿರುತ್ತದೆ. ಪಂಚಮಿಯ ಉಂಡಿಗೆ ಬೆಲ್ಲ, ಶೇಂಗಾ, ಎಳ್ಳಿನ ದರ ಏರಿದರೂ ತಂದೇ ತರುತ್ತಾರೆ. ಶ್ರಾವಣದಲ್ಲಿ ಮಾಂಸ ಅಗ್ಗವಾದರೂ ಬಿಡುವ ಮನೆಗಳಿವೆ. ಇದನ್ನು ಅವಿವೇಕ ಎನ್ನಲಾಗದು. ಹಬ್ಬದ ತಿಂಗಳನ್ನು ಹಬ್ಬದ ತಿಂಗಳ ಜೊತೆಗೇ ಹೋಲಿಸಿ, ಅದೂ ಇಂಗ್ಲಿಷ್ ತಿಂಗಳ ಪ್ರಕಾರ ಅಲ್ಲ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಮಾರ್ಚಿಗೆ ಮಾರ್ಚ್ ಇಟ್ಟರೆ ಹೋಳಿಗೆ ಮಾಡಿದ ತಿಂಗಳನ್ನು ಮಾಡದ ತಿಂಗಳ ಜೊತೆ ತೂಗಿದಂತೆ. ಪಂಚಾಂಗದ ಮಾಸವನ್ನು ಇನ್ನೊಂದು ಕಂಬದಲ್ಲಿ ಬರೆದಿಡಿ. ಲಗ್ನ, ಜಾತ್ರೆ, ಬೀಗರ ಊಟ ನಡೆದ ತಿಂಗಳಿಗೆ ಉಂಡ ಜನರ ಎಣಿಕೆಯೂ ಬೇಕು. ಅದು ಇಲ್ಲದ ತಿಂಗಳನ್ನು ಬಿಡುವುದೇ ಮೇಲು.

ಪ್ರಶ್ನೆ: ಅಂಗಡಿ ದರ ಕೇಳಲಿಲ್ಲ. ಮನೆಯವರು ಹೇಳಿದ ಖರ್ಚನ್ನು ಕಿಲೊದಿಂದ ಭಾಗಿಸಿ ದರ ತೆಗೆದೆ. ಸರಿಯೇ?
— ಮುಧೋಳ

ಹಾಗೆ ಬರುವುದು ದರವಲ್ಲ, ಸರಾಸರಿ ಮೌಲ್ಯ. ಒಬ್ಬರು ಸಂಕರಣ ಜೋಳ ತಂದಿದ್ದಾರೆ, ಇನ್ನೊಬ್ಬರು ಬಿಳಿ ಮಾಲದಂಡಿ. ಒಂದೇ ಸಂತೆ, ಒಂದೇ ದಿನ. ನಿಮ್ಮ ಲೆಕ್ಕದಲ್ಲಿ ಎರಡನೆಯವರು ‘ದುಬಾರಿ ದರ’ ಎದುರಿಸಿದಂತೆ ಕಾಣುತ್ತದೆ. ಅವರು ಆರಿಸಿದ್ದು ಒಳ್ಳೆಯ ಮಾಲನ್ನು. ಜೊತೆಗೆ ಕಿಲೊ ತಪ್ಪಾಗಿ ಹೆಚ್ಚು ಹೇಳಿದವರ ದರ ತಾನಾಗಿ ಕಡಿಮೆ ಬರುತ್ತದೆ. ಅಗ್ಗವಾದಾಗ ಹೆಚ್ಚು ಕೊಂಡರು ಎಂಬ ಸುಳ್ಳು ಸಂಬಂಧ ಅಲ್ಲಿಂದ ಹುಟ್ಟುತ್ತದೆ.

2015ರ ನೊಬೆಲ್ ಪಡೆದ ಆಂಗಸ್ ಡೀಟನ್ 1988ರಲ್ಲಿ ಐವರಿ ಕೋಸ್ಟ್ ದೇಶದ ಅಂಕಿಅಂಶದ ಮೇಲೆ ತೋರಿಸಿದ ದಾರಿ ಇಲ್ಲಿಗೂ ಒಗ್ಗುತ್ತದೆ. ಒಂದೇ ಹಳ್ಳಿಯವರಿಗೆ ಒಂದೇ ಹೊತ್ತಿನಲ್ಲಿ ದರ ಒಂದೇ ಎಂದು ಹಿಡಿಯಿರಿ. ಹಾಗಾದರೆ ಹಳ್ಳಿಯೊಳಗೆ ಮನೆಯಿಂದ ಮನೆಗೆ ಕಾಣುವ ವ್ಯತ್ಯಾಸ ಗುಣಮಟ್ಟದ್ದು, ಇಲ್ಲವೇ ಅಳತೆಯ ತಪ್ಪಿನದು. ಸರಾಸರಿ ಮೌಲ್ಯದ ಲಾಗರಿದಮ್ ಅನ್ನು ಒಟ್ಟು ಖರ್ಚಿನ ಲಾಗರಿದಮ್, ಮನೆಯ ಜನಸಂಖ್ಯೆಗಳ ಮೇಲೆ, ಹಳ್ಳಿಗೊಂದು ಗುರುತು ಹಾಕಿ, ಹಿಂಜರಿತ (ರಿಗ್ರೆಶನ್) ಲೆಕ್ಕಕ್ಕೆ ಹಾಕಿ. ಆ ಪರಿಣಾಮವನ್ನು ಕಳೆದು ಹಳ್ಳಿಯ ಸರಾಸರಿ ತೆಗೆದರೆ ದರಕ್ಕೆ ಹತ್ತಿರದ ಅಂಕಿ ಸಿಗುತ್ತದೆ.

ಇನ್ನೂ ಕಾಲ ಇದ್ದರೆ ಸಂತೆಗೇ ಹೋಗಿ. ಪ್ರತಿ ವಾರ ಮೂರು ಅಂಗಡಿಯಲ್ಲಿ, ಒಂದೇ ತಳಿ, ಒಂದೇ ಅಳತೆಯ ದರ ಬರೆದು ನಡುವಿನದನ್ನು ಹಿಡಿಯಿರಿ. ಸಂಜೆ ದರ ಇಳಿಯುವುದರಿಂದ ಹೊತ್ತು ಒಂದೇ ಇರಲಿ. ಸೊಪ್ಪಿನ ಸಿವುಡನ್ನು ಪ್ರತಿ ಸಲ ಹತ್ತು ತೂಗಿ ಸರಾಸರಿ ತೆಗೆಯಿರಿ: ಮಳೆಗಾಲದ ಹತ್ತು ರೂಪಾಯಿ ಸಿವುಡೂ ಬೇಸಿಗೆಯ ಹತ್ತು ರೂಪಾಯಿ ಸಿವುಡೂ ಒಂದೇ ತೂಕವಲ್ಲ.

ಪ್ರಶ್ನೆ: ಪಡಿತರ ಅಕ್ಕಿ ಪುಕ್ಕಟೆ. ಅದಕ್ಕೆ ದರ ಸೊನ್ನೆ ಹಾಕಬೇಕೇ?
— ಇಂಡಿ

ಬೇಡ. ಸೊನ್ನೆ ದರ ಇರುವುದು ಕಾರ್ಡಿಗೆ ಕೊಡುವಷ್ಟಕ್ಕೆ ಮಾತ್ರ, ಅದರ ಮೇಲಿನ ಒಂದು ಕಿಲೊಗೆ ಅಂಗಡಿ ದರ. ಆಯ್ಕೆ ನಡೆಯುವುದು ಆ ಕೊನೆಯ ಕಿಲೊದಲ್ಲಿ. ಪಡಿತರ ಸಾಲದೆ ಅಂಥದೇ ಅಕ್ಕಿಯನ್ನು ಅಂಗಡಿಯಲ್ಲೂ ತರುವ ಮನೆಗೆ ಇಡೀ ಅಕ್ಕಿಯನ್ನು ಅಂಗಡಿ ದರದಲ್ಲೇ ಗುಣಿಸಿ. ಪುಕ್ಕಟೆ ಬಂದಷ್ಟು ಮೌಲ್ಯ ಆದಾಯ ಬಂದಂತೆ ಖರ್ಚಿಗೆ ಸೇರುತ್ತದೆ. ಅಂಗಡಿಯಿಂದ ಸೋನಾ ಮಸೂರಿ ತರುವವರಿಗೆ ಅದು ಬೇರೆ ವಸ್ತು, ಬೇರೆ ಕಂಬ. ಪಡಿತರವನ್ನೇ ಪೂರ್ತಿ ಉಣ್ಣದ ಮನೆಗಳಲ್ಲಿ ಅಕ್ಕಿಯ ನಿಜ ದರ ತಿಳಿಯುವುದಿಲ್ಲ. ಆ ಮನೆಗಳನ್ನು ಬೇರೆಯೇ ಇಡಿ.

ಸಿದ್ಧಾಂತಕ್ಕೆ ಒಂದು ಒಳ್ಳೆಯ ಪರೀಕ್ಷೆಯೂ ಇಲ್ಲಿದೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ಕಿಲೊಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಪಡಿತರಕ್ಕಿಂತ ಹೆಚ್ಚು ಅಕ್ಕಿ ಉಣ್ಣುವ ಮನೆಗೆ ಅಕ್ಕಿ ಕೊಟ್ಟರೂ ಅದರ ಅಂಗಡಿ ಬೆಲೆಯಷ್ಟು ದುಡ್ಡು ಕೊಟ್ಟರೂ ಅಡುಗೆ ಬದಲಾಗಬಾರದು. ರೊಟ್ಟಿಯ ಮನೆಗಳಲ್ಲಿ, ಅಂದರೆ ಪಡಿತರವೇ ಹೆಚ್ಚಾಗುವ ಕಡೆ, ಅಕ್ಕಿ ಕೊಟ್ಟಾಗ ಅನ್ನ ಹೆಚ್ಚಿ, ದುಡ್ಡು ಕೊಟ್ಟಾಗ ಅದು ಬೇರೆಡೆಗೆ ಹೋಗಬೇಕು. ಅಂಗಡಿ ದರ 34ಕ್ಕಿಂತ ಹೆಚ್ಚಿದ್ದರೆ 170 ರೂಪಾಯಿಗೆ 5 ಕಿಲೊ ಬರುವುದಿಲ್ಲ ಎಂಬುದನ್ನು ಮೊದಲು ಸರಿದೂಗಿಸಿಕೊಳ್ಳಿ. ಆಮೇಲೆ ಹೋಲಿಸಿ.

ಪ್ರಶ್ನೆ: ಜೋಳದ ದರ ಏರಿದಾಗ ಬಡವರ ಮನೆಯಲ್ಲಿ ಜೋಳವೇ ಹೆಚ್ಚಾದರೆ ಸಿದ್ಧಾಂತ ಬಿದ್ದಂತೆಯೇ?
— ಹುನಗುಂದ

ಇಲ್ಲ, ಅದು ಗಿಫೆನ್ ವಸ್ತು. ಮುಖ್ಯ ಆಹಾರದ ದರ ಏರಿ ಮನೆ ಎಷ್ಟು ಬಡವಾಯಿತೆಂದರೆ ಕಾಯಿಪಲ್ಯೆ, ಬೇಳೆಯನ್ನೇ ಕಡಿಮೆ ಮಾಡಿ ಹೊಟ್ಟೆಗೆ ಆಧಾರವಾದ ಕಾಳನ್ನೇ ಹೆಚ್ಚು ಹಾಕಿಕೊಳ್ಳಬೇಕಾಯಿತು. ಗಾರ್ಪ್ ಇದನ್ನು ತಡೆಯುವುದಿಲ್ಲ. ಜೆನ್ಸನ್ ಮತ್ತು ಮಿಲ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೀನಾದ ಹುನಾನ್ ಪ್ರಾಂತದ ಬಡ ಕುಟುಂಬಗಳಿಗೆ ಅಕ್ಕಿ ಮೇಲೆ ರಿಯಾಯಿತಿ ಕೊಟ್ಟಾಗ ಅವರು ಅಕ್ಕಿಯನ್ನು ಕಡಿಮೆ ಉಂಡರು. ಗಾನ್ಸು ಪ್ರಾಂತದ ಗೋಧಿಯಲ್ಲಿ ಪುರಾವೆ ದುರ್ಬಲವಾಗಿತ್ತು. ಅತಿ ಬಡವರಲ್ಲೂ ಇದು ಕಾಣುವುದಿಲ್ಲ, ಅವರು ಆಗಲೇ ಬರೀ ಕಾಳನ್ನೇ ಉಣ್ಣುತ್ತಿರುತ್ತಾರೆ. ಹಾಗೆಂದು ಪಟ್ಟಿಯಲ್ಲಿ ದರವೂ ಪ್ರಮಾಣವೂ ಒಟ್ಟಿಗೆ ಏರಿದ್ದನ್ನೆಲ್ಲ ಗಿಫೆನ್ ಎನ್ನಬೇಡಿ. ಮೊದಲು ದಾಸ್ತಾನು ನೋಡಿ.

ಪ್ರಶ್ನೆ: ಹೊಸದಾಗಿ ಬರೆಸುವಷ್ಟು ಸಮಯವಿಲ್ಲ. ಸರ್ಕಾರದ ಅಂಕಿಅಂಶ ಬಳಸಬಹುದೇ?
— ಅಥಣಿ

ಬಳಸಬಹುದು, ಅದರ ಮಿತಿ ತಿಳಿದು. 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆ ದೇಶದ 2,61,746 ಮನೆಗಳನ್ನು ಮುಟ್ಟಿತು. ಪ್ರಮಾಣ, ಮೌಲ್ಯ ಎರಡೂ ಇವೆ. ಆದರೆ ಒಂದು ಮನೆಯ ಬಳಕೆ ಒಂದೇ ಸಲಕ್ಕೆ ಸಿಗುತ್ತದೆ, ಅದೇ ಮನೆಯ ಮುಂದಿನ ವರ್ಷದ ಲೆಕ್ಕ ಇಲ್ಲ. ಮೊದಲ ಉತ್ತರದ ಚೌಕವನ್ನು ಅದರಲ್ಲಿ ಮನೆವಾರು ಹಾಕಲು ಬರುವುದಿಲ್ಲ. ಕಾಯಿಪಲ್ಯೆ, ಎಣ್ಣೆ, ಮೊಟ್ಟೆ, ಮಾಂಸಕ್ಕೆ ಹಿಂದಿನ 7 ದಿನ, ಕಾಳು–ಬೇಳೆ–ಸಕ್ಕರೆಗೆ 30 ದಿನ, ಬಟ್ಟೆಬರೆಗೆ 365 ದಿನ ನೆನಪಿಸಿ ಹೇಳಿದ ಲೆಕ್ಕ ಅದು. ಆಹಾರ, ಸೇವೆ, ಬಾಳಿಕೆಯ ವಸ್ತುಗಳನ್ನು ಬೇರೆ ಬೇರೆ ಭೇಟಿಯಲ್ಲಿ ಕೇಳಿದ್ದಾರೆ. ಎಲ್ಲವನ್ನೂ ಒಂದೇ ತಿಂಗಳ ಬುಟ್ಟಿ ಎನ್ನುವಂತಿಲ್ಲ. ಹೊಲದ ಕಾಳಿಗೆ ಹಾಕುವುದು ಕಣದ ದರ, ಅಂಗಡಿ ದರವಲ್ಲ.

ಬ್ಲಂಡೆಲ್, ಬ್ರೌನಿಂಗ್ ಮತ್ತು ಕ್ರಾಫರ್ಡ್ 2003ರಲ್ಲಿ ಬ್ರಿಟನ್ನಿನ ಇಂಥದೇ ಸಮೀಕ್ಷೆಗೆ ಒಂದು ದಾರಿ ಮಾಡಿದರು: ಪ್ರತಿ ವರ್ಷದ ಮನೆಗಳಿಂದ ಖರ್ಚಿಗೆ ತಕ್ಕ ಬಳಕೆಯ ರೇಖೆ ಎಳೆದು, ಹಿಂದಿನ ವರ್ಷದ ಬುಟ್ಟಿ ಸರಿಯಾಗಿ ಕೊಳ್ಳಬಹುದಾದಷ್ಟು ಖರ್ಚಿನಲ್ಲಿ ಈ ವರ್ಷದ ಬುಟ್ಟಿಯನ್ನು ಓದುವುದು. ಪರೀಕ್ಷೆಯ ಬಲವೂ ಇದರಿಂದ ಹೆಚ್ಚುತ್ತದೆ. ಒಂದು ಜಿಲ್ಲೆಯ ಮಾದರಿ ಇದಕ್ಕೆ ಸಾಲದು, ರಾಜ್ಯಮಟ್ಟದಲ್ಲಿ ಮಾಡಿ.

ಅದೇ ಮನೆಗಳನ್ನು ಪದೇಪದೇ ಕೇಳಿದ ಲೆಕ್ಕವೇ ಬೇಕಿದ್ದರೆ ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆಯ ಗ್ರಾಮ ಅಧ್ಯಯನ ನೋಡಿ. 1975ರಲ್ಲಿ ಶುರುವಾದಾಗ ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಕಲ್ಮಣ ಅದರಲ್ಲಿದ್ದವು. 2009ರ ನಂತರ ವಿಜಯಪುರ ಜಿಲ್ಲೆಯ ಮಾರ್ಕಬ್ಬಿನಹಳ್ಳಿ, ಕಪನಿಂಬರಗಿಗಳೂ ಸೇರಿದವು. ರೊಟ್ಟಿ ಉಣ್ಣುವ ಊರುಗಳದೇ ಲೆಕ್ಕ ಅದು.

ಪ್ರಶ್ನೆ: ಆಹಾರದ ಪಾಲು ಕಡಿಮೆಯಾಗುತ್ತಿದೆ ಎಂಬುದು ಆಯ್ಕೆಯ ಸಿದ್ಧಾಂತಕ್ಕೆ ಪುರಾವೆಯೇ?
— ಬೈಲಹೊಂಗಲ

ಅಲ್ಲ. 2022–23ರ ಸಮೀಕ್ಷೆಯಲ್ಲಿ ಹಳ್ಳಿಗಳ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ 46, ಪಟ್ಟಣಗಳಲ್ಲಿ ಶೇ 39. ಆದಾಯ ಏರಿದಂತೆ ಆಹಾರದ ಪಾಲು ಇಳಿಯುತ್ತದೆ ಎಂದು ಎಂಗೆಲ್ 1857ರಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆ. ಆದರೆ ಅದು ಅನುಭವದಲ್ಲಿ ಕಂಡ ನಿಯಮ. ಪಾಲು ಏರಿದ್ದರೂ ಆಯ್ಕೆಯ ಸಿದ್ಧಾಂತಕ್ಕೆ ಧಕ್ಕೆಯಿರಲಿಲ್ಲ.

ಪ್ರಶ್ನೆ: ನಮ್ಮದು ಕೂಡುಕುಟುಂಬ. ಸಂತೆಗೆ ಹೋಗುವವರು ಒಬ್ಬರು, ಅಡುಗೆ ನೋಡುವವರು ಇನ್ನೊಬ್ಬರು. ಇಡೀ ಮನೆಯನ್ನು ಒಬ್ಬ ಅನುಭೋಗಿ ಎಂದು ಹಿಡಿಯುವುದು ಸರಿಯೇ?
— ಗೃಹಿಣಿ, ಸವದತ್ತಿ

ನಿಮ್ಮ ಸಂದೇಹ ಸರಿಯಾದದ್ದು. ಬ್ರೌನಿಂಗ್ ಮತ್ತು ಶಿಯಪೊರಿ 1998ರಲ್ಲಿ ಕೆನಡಾದ ಅಂಕಿಅಂಶದಲ್ಲಿ ಇದನ್ನೇ ನೋಡಿದರು. ಒಂಟಿಯಾಗಿರುವವರ ಖರೀದಿ ಸಿದ್ಧಾಂತದ ಕರಾರಿಗೆ ಹೊಂದಿತು, ದಂಪತಿಗಳದು ಹೊಂದಲಿಲ್ಲ. ಇಬ್ಬರ ಆಯ್ಕೆಯೂ ಅವರವರ ಮಟ್ಟಿಗೆ ಸುಸಂಗತವಾಗಿದ್ದು, ಮನೆಯಲ್ಲಿ ಯಾರ ಮಾತು ಎಷ್ಟು ನಡೆಯುತ್ತದೆ ಎಂಬುದು ಬದಲಾಗುತ್ತಿದ್ದರೆ ಒಟ್ಟು ಬುಟ್ಟಿಯಲ್ಲಿ ಭಂಗ ಕಾಣಬಹುದು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎರಡು ಕಂಬ ಹೆಚ್ಚು ಹಾಕಿ: ಏನು ತರಬೇಕೆಂದು ಹೇಳಿದವರು ಯಾರು, ದುಡ್ಡು ಯಾರ ಕೈಯಿಂದ ಬಂತು. ಹೈನದ ದುಡ್ಡು, ಹತ್ತಿ ಬಿಡಿಸಿದ ಕೂಲಿ, ಖಾತೆಗೆ ಬಂದ ಹಣ ಇವನ್ನು ಬೇರೆ ಬೇರೆ ಬರೆಯಿರಿ. ಸೊಸೆ ತವರಿಗೆ ಹೋದ ತಿಂಗಳು, ಹಿರಿಯರು ಊರಿಗೆ ಹೋದ ತಿಂಗಳುಗಳನ್ನೂ ಗುರುತು ಮಾಡಿ. ಅಂಥ ತಿಂಗಳುಗಳನ್ನು ತೆಗೆದಾಗ ಭಂಗವೂ ಹೋಗುತ್ತದೆಯೇ ಎಂದು ನೋಡಿ ಬರೆದು ತಿಳಿಸಿ.